ಮುಳುಗಿದ ಆಗಬೋಟು

ಮುಳುಗಿದ ಆಗಬೋಟು ಬೊಂಬಾಯಿಯಲ್ಲಿ ನಿಂತಿದೆಯಂತೆ ಎಂಬ ಸುದ್ದಿ ದೇವದುರ್ಗದ ಬಸ್‌ಸ್ಟ್ಯಾಂಡಿನಿಂದ ಭೀಮವ್ವನ ಮನೆ ಮುಟ್ಟಲು ಒಂದು ರೊಟ್ಟಿ ಬೇಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಸುದ್ದಿ ತಂದವನು ಬೊಂಬಾಯಿ ಬಂದರಿನಲ್ಲಿ ಹಮಾಲಿ ಮಾಡುವ ತಾಯಣ್ಣ. ಕೇಳಿಸಿಕೊಂಡು ಓಡಿ ಬಂದವನು ಭೀಮವ್ವನ ಮೈದುನ ಬೂದೆಪ್ಪ. ಐವತ್ತು ದಾಟಿದ ಮನುಷ್ಯ, ಆ ದಿನ ಹೋರಿಗರುವಿನ ಹಾಗೆ ಓಡಿದ.

“ಅತ್ತಿಗೀ, ಸೋನರಾಣಿ ಮುಳುಗೇ ಇಲ್ಲಂತ! ಬಣ್ಣಾ ಹಚ್ಚಿ ಬಂದರದ ಹಳೇ ಧಕ್ಕೆದಾಗ ನಿಲ್ಸ್ಯಾರಂತ. ಮಂದಿ ಟಿಕೀಟ್ ತಗೊಂಡು ನೋಡಾಕತ್ತಾರಂತ!”

ಭೀಮವ್ವ ತಟ್ಟುತ್ತಿದ್ದ ರೊಟ್ಟಿ ನಡುವೆ ಹರಿಯಿತು. “ಆಗಬೋಟ್ ಹೋಗ್ಲಿ, ನಿನ್ನ ಮಾರೀಗಿ ಯಾರು ಬಣ್ಣಾ ಹಚ್ಯಾರ? ಮದುಮಗನಂಗ ಹೊಳಿಯಾಕತ್ತದ,” ಎಂದಳು.

ಹೊಳೆಯದೆ ಏನು? ಅವಳ ಗಂಡ ಸಾಬಣ್ಣ ಸೋನರಾಣಿ ಎಂಬ ಆ ಉಗಿಹಡಗಿನ ಹೊಟ್ಟೆಗೆ ಕಲ್ಲಿದ್ದಲು ಉಣಿಸುತ್ತಿದ್ದವನು. ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದ. ಬಂದಷ್ಟು ದಿನ ಹೆಂಡತಿಯನ್ನು ಬಡಿಯುತ್ತಿದ್ದ. ಓಣಿಯ ನಾಯಿಗಳು ಬೊಗಳುವುದನ್ನು ಬಿಟ್ಟು ಅವಳ ಕೂಗು ಕೇಳುತ್ತ ಕೂರುತ್ತಿದ್ದವು. ೧೯೬೧ರಲ್ಲಿ, ಯುಗಾದಿಗೆ ಬಂದು ನಾಲ್ಕೆಕರೆ ಹೊಲ, ಮನೆ ಎರಡನ್ನೂ ತಮ್ಮನಿಗೆ ಬರೆದುಕೊಡುತ್ತೇನೆಂದು ಹೇಳಿಕಳಿಸಿದ. ಹೆಂಡತಿ ಎಲ್ಲಿರಬೇಕು ಎಂಬುದನ್ನು ಹೇಳಿಕಳಿಸಲು ಮರೆತಿದ್ದ.

ಯುಗಾದಿಗೆ ಅವನು ಬರಲಿಲ್ಲ. ಕಾಗದ ಬಂತು.

ಓಣಿಗೆಲ್ಲ ಅಕ್ಷರ ಬಲ್ಲವರು ಸಿದ್ದರಾಮಪ್ಪ ಮಾಸ್ತರರೊಬ್ಬರೇ. ಹುಟ್ಟು, ಸಾವು, ಕೋರ್ಟಿನ ನೋಟೀಸು, ಯಾವುದಾದರೂ ಅವರ ಬಾಯಿಂದಲೇ ಕೆಳಗಿಳಿಯಬೇಕು. ಅವರು ಕನ್ನಡಕ ಏರಿಸಿ ಕಾಗದದ ಮಡಿಕೆ ಬಿಚ್ಚುವಷ್ಟರಲ್ಲಿ ಭೀಮವ್ವ ಬಳೆ ಒಡೆದುಕೊಂಡಾಗಿತ್ತು. ಸೋನರಾಣಿ ನಡುಸಮುದ್ರದಲ್ಲಿ ಮುಳುಗಿತು, ಸಾಬಣ್ಣನೂ ಮುಳುಗಿದ ಎಂದು ಮಾಸ್ತರರು ಆಮೇಲೆ ಓದಿದರು. ನೋಡ್ರೇ, ಹೆಂಡತಿ ಕರುಳಿಗಿ ಮೊದಲೇ ತಿಳೀತು ಎಂದು ಹೆಂಗಸರು ಸೆರಗಿನಲ್ಲಿ ಮೂಗೊರೆಸಿಕೊಂಡರು.

ಹೊಲ ವಿಧವೆಯ ಹೆಸರಿಗೆ ಬಂತು. ಬೂದೆಪ್ಪನ ಮುಖ ಇಪ್ಪತ್ತೆರಡು ವರ್ಷ ಹುಳಿ ಮಜ್ಜಿಗೆ ಕುಡಿದಂತೆಯೇ ಇತ್ತು. ಭೀಮವ್ವ ಮಾತ್ರ ಮಾಸ್ತರರು ಬದುಕಿರುವವರೆಗೂ ಸುಗ್ಗಿಗೊಮ್ಮೆ ಹೊಸ ಜೋಳ ಅವರ ಮನೆಗೆ ಹೊರಿಸಿದಳು. ಒಂದು ಕಾಗದ ಓದಿ ಹೇಳಿದ್ದಕ್ಕೆ ಇಷ್ಟು ಉಪಕಾರ ನೆನೆಯುವವರು ಈ ಕಾಲದಲ್ಲಿ ಎಲ್ಲಿ?

“ಅಣ್ಣ ಇದ್ದಾನಂದ್ರ ಕರ್ಕೊಂಡು ಬರೂಣು ನಡೀರಿ,” ಎಂದ ಬೂದೆಪ್ಪ.

“ನಿನಗ ಅಣ್ಣ ಬೇಕೋ, ಅಣ್ಣನ ಹೆಬ್ಬೆಟ್ಟು ಬೇಕೋ?”

ಅವನು ಗಂಟು ಕಟ್ಟಲು ಓಡಿದ. ಒಲ್ಲೆ ಎಂದರೆ ಓಣಿ ಏನೆನ್ನುತ್ತದೆ? ಭೀಮವ್ವ ಹೊರಟಳು. ರಾಯಚೂರಿನಲ್ಲಿ ರೈಲು ಹತ್ತುವಾಗ ಬೂದೆಪ್ಪನ ಗಂಟು ಬಿಚ್ಚಿಕೊಂಡಿತು. ಅಣ್ಣನಿಗೊಂದು ಬಿಳಿ ಧೋತರ. ಧೋತರದ ಮಡಿಕೆಯಲ್ಲಿ ಛಾಪಾ ಕಾಗದ.

ಸೋನರಾಣಿ ನಿಜವಾಗಿಯೂ ನಿಂತಿತ್ತು. ಆಚೆಯ ಧಕ್ಕೆಯಲ್ಲಿ ದುಡಿಯುವ ಹಡಗುಗಳು ಮೈತುಂಬ ತುಕ್ಕು ಹಚ್ಚಿಕೊಂಡು ಮೂಟೆ ಇಳಿಸುತ್ತಿದ್ದವು. ಇದು ಮಾತ್ರ ಹಿತ್ತಾಳೆ ಉಜ್ಜಿಸಿಕೊಂಡು, ಹೊಗೆಕೊಳವೆಗೆ ಕೆಂಪು ಬಳಿಸಿಕೊಂಡು, ಒಂದು ಗೇಣೂ ಕದಲದೆ ಮೆರೆಯುತ್ತಿತ್ತು.

“ಮುದುಕೀಗಿ ಬಸರಿನ ಕುಬಸಾ ಮಾಡ್ಯಾರ ನೋಡು,” ಎಂದಳು ಭೀಮವ್ವ. ನಗು ಬಾಯಲ್ಲಿತ್ತು; ಕೈ ಸೆರಗನ್ನು ಹಿಂಡುತ್ತಿತ್ತು.

ಕೆಳಗೆ ಬಾಯ್ಲರಿನ ಮುಂದೆ ಖಾಕಿ ಅಂಗಿಯ ಮುದುಕನೊಬ್ಬ ಖಾಲಿ ಸಲಿಕೆ ಬೀಸಿ, ಹಿಂದೆ ಕಲ್ಲಿದ್ದಲು ಹೇಗೆ ಹಾಕುತ್ತಿದ್ದರೆಂದು ಮಂದಿಗೆ ತೋರಿಸುತ್ತಿದ್ದ. ಎಡಗೈಯಲ್ಲಿ ಬೀಸುತ್ತಿದ್ದ. ಸಾಬಣ್ಣ ಎಡಚ. ಆ ಕೈಯ ಗುರುತನ್ನು ಭೀಮವ್ವನ ಬೆನ್ನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ಅಣ್ಣಾ!” ಎಂದು ಬೂದೆಪ್ಪ ಒದರಿದ.

ಮುದುಕ ತಿರುಗಿದ. ಭೀಮವ್ವನನ್ನು ಕಂಡ, ಬೂದೆಪ್ಪನನ್ನು ಕಂಡ, ಸುಣ್ಣದಂತಾದ. ಮುಖ ಬಿಟ್ಟು ಇಬ್ಬರ ಕಾಲನ್ನೇ ನೋಡತೊಡಗಿದ, ಅವನ ಚಪ್ಪಲಿ ಕದ್ದು ಮೆಟ್ಟಿಕೊಂಡು ಬಂದಿದ್ದಾರೋ ಎಂಬಂತೆ. ಕಬ್ಬಿಣದ ಸಲಿಕೆಯನ್ನು ಎದೆಗೆ ಅವಚಿಕೊಂಡ.

ಭೀಮವ್ವ ಒಂದು ಹೆಜ್ಜೆ ಮುಂದಿಟ್ಟಳು. “ಒಬ್ಬನೇ ಎಷ್ಟು ದಿನ ಇರ್ತಿ? ಬಾ ನಮ್ಮ ಕೂಡ. ನಿನ್ನ ಒಯ್ಯಾಕಂತ ಬಂದೀವಿ.”

“ಹೊಸಾ ಧೋತರ ತಂದೀನಿ, ಅಣ್ಣಾ!” ಬೂದೆಪ್ಪ ಬಿಳಿ ಬಟ್ಟೆಯನ್ನು ಉದ್ದಕ್ಕೂ ಬಿಡಿಸಿ ಹಿಡಿದ.

ಮುದುಕನ ಗಂಟಲಿನಿಂದ ಕೋಳಿ ಹಿಚುಕಿದ ಸದ್ದು ಬಂತು. ಹಿಂದಿಂದಕ್ಕೆ ನಡೆದು, ಪಕ್ಕದ ಕಬ್ಬಿಣದ ಕೋಣೆ ಹೊಕ್ಕು ಚಿಲಕ ಜಡಿದುಕೊಂಡ. “ಸಾಬಣ್ಣ ಇಲ್ಲ! ಹೋಗ್ರೀ! ಸಾಬಣ್ಣ ಇಲ್ಲಿ ಇಲ್ಲ!” ಒಳಗಿಂದ ಬಂದದ್ದು ಅಪ್ಪಟ ದೇವದುರ್ಗದ ಮಾತು.

ಬೂದೆಪ್ಪ ಬಾಗಿಲು ಗುದ್ದಿದ. ಕಾವಲಿನವರು ಬಂದು ಅವನನ್ನು ಜೋಳದ ಚೀಲದಂತೆ ಎತ್ತಿ ಧಕ್ಕೆಯ ಮೇಲಿಟ್ಟರು. ಮರುದಿನ ಬೆಳಿಗ್ಗೆ ವಿಚಾರಿಸಿದರೆ, ಮುದುಕ ಸಂಜೆಯೇ ಕೆಲಸ ಬಿಟ್ಟು ಹೋದನೆಂದರು. ಯಾವ ಕಡೆ ಎಂದು ಸಮುದ್ರಕ್ಕೂ ಗೊತ್ತಿರಲಿಲ್ಲ.

ವಾಪಸು ಬರುವ ರೈಲಿನಲ್ಲಿ ಬೂದೆಪ್ಪ ಕಿಟಕಿಗೆ ಹಣೆ ಚಚ್ಚಿಕೊಂಡ. “ಅವನೇ ನಮ್ಮಣ್ಣ. ಹೆಂಡ್ತೀನ ಬಿಟ್ಟು ಹ್ವಾದ ನಾಚಿಕೀಗಿ ಓಡ್ಯಾನ. ಊರಾಗ ಹೇಳ್ತೀನಿ.”

“ಹೇಳಪಾ. ಸಾಬಣ್ಣ ಭೀಮವ್ವನ ಕಂಡು ಅಂಜಿ ಓಡಿದ ಅಂತ ಹೇಳು. ನಂಬಾವ ಒಬ್ಬನ್ನರ ತೋರ್ಸು.”

ಬೂದೆಪ್ಪ ಧೋತರವನ್ನು ಮಡಿಚಿ ಗಂಟಿಗೆ ತುರುಕಿದ. “ಆತು, ನಿನ್ನ ಕಂಡು ಅಂಜಿದ. ನನ್ನ ಕಂಡು ಯಾಕ ಅಂಜಬೇಕು ಅತ್ತಿಗೀ?”

“ಧೋತರ ಹಂಗ ಹಾಸಿ ತೋರಿಸ್ಬಾರದಿತ್ತು ನೀ,” ಎಂದು ಭೀಮವ್ವ ಬುತ್ತಿಯ ಗಂಟು ಬಿಚ್ಚಿದಳು.

೧೯೬೧ರ ಯುಗಾದಿಗೆ ಮುಂಚೆ ಸಿದ್ದರಾಮಪ್ಪ ಮಾಸ್ತರರು ಭೀಮವ್ವ ಹೇಳಿದಂತೆ ಬರೆದ ಕಾಗದ ಎರಡು: ಓಣಿಯಲ್ಲಿ ಓದಿದ್ದು ಒಂದು, ಸೋನರಾಣಿಯ ಸಾಬಣ್ಣನಿಗೆ ಹೋದದ್ದು ಇನ್ನೊಂದು, ನಿನ್ನ ಹೆಂಡತಿ, ತಮ್ಮ ಇಬ್ಬರೂ ವಾಂತಿಭೇದಿಗೆ ಸತ್ತು ದೆವ್ವವಾಗಿ ನಿನ್ನನ್ನೇ ಹುಡುಕುತ್ತಿದ್ದಾರೆ, ಊರಿನ ಕಡೆ ತಲೆ ಹಾಕಬೇಡ ಎಂದು.