ನೆಗ್ಗಿಲದಿನ್ನಿಯ ಒಂಟಿ ದೆವ್ವ

ಜೀಪಿನ ಧೂಳು ಕಂಡೊಡನೆ ಗಿರಿಯಮ್ಮ ತುರುಬು ಬಿಚ್ಚಿದಳು. ಮುಖಕ್ಕೆ ಬೂದಿ ಬಳಿದುಕೊಂಡಳು. ಊರಬಾಗಿಲಾದ ಅಗಸೆಯ ಪಕ್ಕದ ತನ್ನ ಮನೆಯ ಕಟ್ಟೆಯ ಮೇಲೆ ಕೂತು, ಮೊದಲು ಸತ್ತವರು ಯಾರೆಂದು ಮತ್ತೊಮ್ಮೆ ನೆನಪು ಮಾಡಿಕೊಂಡಳು.

ಊರಲ್ಲಿ ನರಪಿಳ್ಳೆ ಇರಲಿಲ್ಲ. ಅಂದು ನೆಗ್ಗಿಲದಿನ್ನಿಯಲ್ಲಿ ಹೊರಬೀಡು. ಊರಿಗೆ ಬೇನೆ ಬಂದಾಗ ಹಿರಿಯರು ಪಾಲಿಸುತ್ತಿದ್ದ ಪದ್ಧತಿ ಅದು. ಹೊತ್ತು ಮೂಡುವ ಮೊದಲೇ ದನ, ನಾಯಿ, ಕೋಳಿ ಸಮೇತ ಎಲ್ಲರೂ ಊರು ಬಿಟ್ಟು ಹೊಲ ಸೇರಬೇಕು. ಊರೊಳಗೆ ಒಲೆ ಉರಿಯಬಾರದು. ಅಗಸೆಗೆ ಮುಳ್ಳು ಬಡಿದು ಹೋದವರು ಸಂಜೆಗೇ ಮರಳಬೇಕು. ಈ ಸಲ ಊರಿಗೆ ಯಾವ ಬೇನೆಯೂ ಬಂದಿರಲಿಲ್ಲ. ಬರುತ್ತಿದ್ದುದು ಕಾಲುವೆ.

ಎದುರಿನ ದಿನ್ನೆಯ ಮೇಲೆ ಕಾಲುವೆಯವರ ಕೆಂಪು ಬಾವುಟ ಕಂಡ ದಿನವೇ ಗೌಡ ಆದಪ್ಪನಿಗೆ ಊಟ ಸೇರದಾಯಿತು. ಅದರ ಬೆನ್ನಿಗೇ ಮಸ್ಕಿ ಸಂತೆಯಿಂದ ಸುದ್ದಿ ಬಂತು. ಅಂಬಪ್ಪ ಎಂಬ ಓವರ್ಸೀಯರ್ ಊರೂರು ನೋಡುತ್ತ ಹೊರಟಿದ್ದಾನಂತೆ. ಗುರುಗುಂಟಾ ಕಡೆ ನೋಡಿದನಂತೆ, ಮುದಗಲ್ ಕಡೆ ನೋಡಿದನಂತೆ, ಯಾವುದೂ ಮನಸ್ಸಿಗೆ ಬರಲಿಲ್ಲವಂತೆ. ಮಂಗಳವಾರ ನೆಗ್ಗಿಲದಿನ್ನಿಗೆ ಬರುತ್ತಾನಂತೆ. ಊರು ನೋಡಲು ಬರುವ ಕಾಲುವೆಯವನು ಊರ ಮೇಲೇ ಕಾಲುವೆ ಹಾಯಿಸಲಲ್ಲದೆ ಮತ್ತೇತಕ್ಕೆ ಬಂದಾನು?

ಸರಕಾರ ಮನುಷ್ಯರಿಗೆ ಹೆದರುವುದಿಲ್ಲ, ದೆವ್ವಕ್ಕೆ ಹೆದರುತ್ತದೆ ಎಂದು ಜವಳಗೇರಾದ ಬೀಗರು ಹೇಳಿದ್ದರು. ಎಲ್ಲೋ ಒಂದು ಕಡೆ ಹುಣಸೆಮರದ ದೆವ್ವಕ್ಕೆ ಅಂಜಿ ಕೂಲಿಯವರು ಗುದ್ದಲಿ ಕೆಳಗಿಟ್ಟರಂತೆ, ಕಾಲುವೆಯೇ ಸೊಟ್ಟಗೆ ಹೋಯಿತಂತೆ. ನೆಗ್ಗಿಲದಿನ್ನಿಗೆ ಶಾಪ ಇರಲಿಲ್ಲ. ಹಿರಿಯರು ಕಟ್ಟೆಯ ಮೇಲೆ ಕೂತು ಒಂದನ್ನು ಮಾಡಿಕೊಂಡರು.

ಆದಪ್ಪ ಪ್ಲೇಗು ಸಾಕೆಂದ. ಯಮನೂರಪ್ಪನಿಗೆ ರುಂಡವಿಲ್ಲದ ಕುದುರೆ ಸವಾರ ಬೇಕಿತ್ತು. ಮೆಹಬೂಬ್‌ಬೀ ಬಾವಿಯೊಳಗೆ ತೊಟ್ಟಿಲು ತೂಗುವ ಸಪ್ಪಳ ಸೇರಿಸಿದಳು. ಅದೆಷ್ಟು ಚೆನ್ನಾಗಿ ಕೂತಿತೆಂದರೆ, ಅಂದಿನಿಂದ ಹೊತ್ತು ಮುಳುಗಿದ ಮೇಲೆ ನೀರಿಗೆ ಹೋಗುವವರೇ ಇಲ್ಲವಾದರು. ಜಗಳ ಬಂದದ್ದು ಸಾಯುವವರ ಸಲುವಾಗಿ. ಮಾನಪ್ಪನ ಮನೆತನದಲ್ಲಿ ನಾಲ್ವರು ಸತ್ತು ತನ್ನದರಲ್ಲಿ ಒಬ್ಬನೇ ಸತ್ತರೆ ಮರ್ಯಾದೆ ಏನುಳಿಯಿತೆಂದು ಯಮನೂರಪ್ಪ ಮುಂಡಾಸು ಕೊಡವಿ ಎದ್ದ. ಕೊನೆಗೆ ಎಲ್ಲ ಮನೆತನಕ್ಕೂ ಸರಿಸಮ ಸಾವು ಹಂಚಿ ಸಮಾಧಾನವಾಯಿತು.

ದೆವ್ವ ಯಾರಾಗಬೇಕೆಂಬುದರಲ್ಲಿ ಮಾತ್ರ ಎರಡು ಮಾತಿರಲಿಲ್ಲ. ಹೆಣದ ಮುಂದೆ ಹಾಡ್ಯಾಡಿ ಅಳುವುದರಲ್ಲಿ ಗಿರಿಯಮ್ಮನನ್ನು ಮೀರಿಸಿದವರು ಇರಲಿಲ್ಲ. ಆಕೆಯೂ ಬೇಡವೆನ್ನಲಿಲ್ಲ. ಕಾಲುವೆ ಅಗಸೆಯಿಂದ ಹೊಕ್ಕರೆ ಮೊದಲು ಹೋಗುವುದು ಆಕೆಯ ಮನೆ. ಗಂಡ ಹೋದ ಮೇಲೆ ಆಕೆಗೆಂದು ಉಳಿದದ್ದು ಆ ಎರಡಂಕಣದ ಮನೆ, ಮತ್ತೆ ತಾನೇ ಮಣ್ಣು ತುಳಿದು ಹಾಕಿದ ಒಲೆ.

ಜೀಪು ನಿಂತಿತು. ಡ್ರೈವರ್ ಜಿಲಾನಿಸಾಬ್ ಕೆಳಗಿಳಿಯಲಿಲ್ಲ. ಅಂಬಪ್ಪ ಒಬ್ಬನೇ ಮುಳ್ಳು ಸರಿಸಿ ಒಳಗೆ ಬಂದ.

"ಆಯಿ, ಊರಾಗ ಯಾರೂ ಕಾಣವಲ್ಲರಲ್ಲ?"

"ಎಲ್ಲಾರೂ ಹೋದರಪಾ. ಒಂದ ದಿನದಾಗ ಹೋದರು."

"ಒಬ್ಬರೂ ಉಳಿಲಿಲ್ಲ?"

"ನಾ ಒಬ್ಬಾಕಿನ. ನಾನೂ ಸತ್ತು ಭಾಳ ವರ್ಷ ಆತು."

ಅಂಬಪ್ಪ ಕಟ್ಟೆಯ ಮೇಲೆ ಕುಸಿದು ಕೂತ. ಗಿರಿಯಮ್ಮನಿಗೆ ಹುರುಪು ಬಂತು. ರಾಗ ತೆಗೆದು, ಎದೆ ಬಡಿದುಕೊಂಡು, ಮನೆತನಕ್ಕೆ ಮನೆತನವನ್ನೇ ಸಾಯಿಸುತ್ತ ನಡೆದಳು. ಅವನ ಕಣ್ಣಲ್ಲಿ ನೀರಾಡಿತು. ಆಕೆ ಬಾವಿಯ ತೊಟ್ಟಿಲಿಗೆ ಬಂದಾಗ ಅವನು ನಡುವೆ ಬಾಯಿ ಹಾಕಿ, ಬಾವಿಯ ನೀರು ಸಿಹಿಯೋ ಸವಳೋ ಎಂದು ಕೇಳಿದ. ಅಂಜಿಕೆಗೆ ತಲೆ ಕೆಟ್ಟಿತು ಎಂದುಕೊಂಡಳು ಗಿರಿಯಮ್ಮ. ಸಿಹಿ ಎಂದೇ ಹೇಳಿದಳು. ದೆವ್ವವಾದ ಮಾತ್ರಕ್ಕೆ ಊರ ಬಾವಿಗೆ ಕೆಟ್ಟ ಹೆಸರು ತರಲಾದೀತೆ?

ಅವನು ಎದ್ದು ಓಣಿಯೊಳಗೆ ಹೋದ. ಗೋಡೆಗಳನ್ನು ತಟ್ಟಿ ನೋಡಿದ. ಜಂತಿಗಳನ್ನು ನೋಡಿದ. ಒಂದು ಬಾಗಿಲನ್ನು ತೆರೆದು ಮುಚ್ಚಿ, ಮುಚ್ಚಿ ತೆರೆದು ತನ್ನಷ್ಟಕ್ಕೆ ನಕ್ಕ. ಇವನು ಇಲ್ಲೇ ಹುಚ್ಚನಾದರೆ ಊರಿಗೆ ಪೊಲೀಸರು ಬಂದಾರೆಂದು ಗಿರಿಯಮ್ಮನಿಗೇ ಪುಕುಪುಕು ಶುರುವಾಯಿತು. ಅವನು ಮರಳಿ ಬಂದು ಆಕೆಯ ಹೊಸ್ತಿಲಲ್ಲಿ ನಿಂತು ಒಳಗೆ ಇಣುಕಿದ.

"ಈ ಒಲಿ ಹೊಗಿ ಕಾರತೈತೇನು, ಆಯಿ?"

ಆಗ ಆಕೆ ಕಿಟಾರನೆ ಕಿರುಚಬೇಕಿತ್ತು. ಹಾಗೆಂದೇ ಮಾತಾಗಿತ್ತು. ಆದರೆ ಒಲೆಯ ಮಾತು ಬಂದರೆ ಗಿರಿಯಮ್ಮ ಸತ್ತರೂ ಸುಮ್ಮನಿರುವವಳಲ್ಲ.

"ಹಸಿ ಜಾಲಿ ಕಟಗಿ ಹಚ್ಚಿ ನೋಡು. ಕಣ್ಣಾಗ ಒಂದ ಹನಿ ನೀರು ಬಂದರ ನನ್ನ ಕೇಳು. ಈ ಸುತ್ತಿನಾಗ ಇಂಥಾ ಒಲಿ ಇನ್ನೊಂದಿಲ್ಲ."

ಅಂಬಪ್ಪ ಕಾಲು ಮುಟ್ಟಲು ಬಾಗಿದ. ದೆವ್ವದ ಪಾದ ಹಿಂದುಮುಂದಾಗಿರಬೇಕು ಎಂಬುದು ನೆನಪಾಗಿ ಆಕೆ ಸೀರೆಯೊಳಗೆ ಕಾಲೆಳೆದುಕೊಂಡಳು. ಅವನು ನೆಲಕ್ಕೇ ಕೈಮುಗಿದ.

"ನೀ ಚಿಂತಿ ಮಾಡಬ್ಯಾಡ. ಕಾಲುವಿ ಈ ಕಡೆ ಬರೂದಿಲ್ಲ."

ಜೀಪು ಬಂದದ್ದಕ್ಕಿಂತ ಜೋರಾಗಿ ಹೋಯಿತು.

ಸಂಜೆ ಊರು ಮರಳಿದಾಗ ಹಲಗೆ ಬಡಿಸಿದರು. ಆದಪ್ಪನ ಮನೆಯಲ್ಲಿ ಹೋಳಿಗೆಯಾಯಿತು. ರುಂಡವಿಲ್ಲದ ಸವಾರನನ್ನು ಹೇಳುವುದೇ ಮರೆತಳೆಂದು ಯಮನೂರಪ್ಪ ಮಾತ್ರ ಮುಖ ಗಂಟಿಕ್ಕಿಕೊಂಡು ಉಂಡ. ಗಿರಿಯಮ್ಮ ಮನೆಗೆ ಬಂದು, ಬೂದಿ ತೊಳೆದುಕೊಂಡು, ಒಲೆಯನ್ನು ಸಗಣಿಯಿಂದ ಸಾರಿಸಿ, ಅದರ ಪಕ್ಕದಲ್ಲೇ ಮಲಗಿದಳು. ಬಹಳ ದಿನಗಳ ಮೇಲೆ ಒಳ್ಳೆ ನಿದ್ದೆ ಬಂತು.

ಶುಕ್ರವಾರ ಬೆಳಿಗ್ಗೆ ದಿನ್ನೆಯ ಆಚೆಯಿಂದ ಗಾಡಿಗಳು ಇಳಿದವು. ಒಂದರ ಹಿಂದೆ ಒಂದು. ಬೀಸುವ ಕಲ್ಲು, ಬಾಗಿಲ ಚೌಕಟ್ಟು, ಬುಟ್ಟಿಯಲ್ಲಿ ಕೋಳಿ, ಗಂಟಿನ ಮೇಲೆ ಮಕ್ಕಳು. ಮುಂದೆ ಜೀಪು. ಊರಿಗೆ ಊರೇ ಅಗಸೆಗೆ ಬಂದು ನಿಂತಿತು. ಜೀಪಿನಿಂದಿಳಿದ ಅಂಬಪ್ಪ ಆ ಮಂದಿಯನ್ನೆಲ್ಲ ಕಂಡು ಬಿಳಿಚಿಕೊಂಡ. ಅಂದು ಅಂಜದವನು ಈಗ ಅಂಜಿದ.

ಮೊದಲ ಗಾಡಿಯಿಂದ ಒಬ್ಬ ಮುದುಕಿ ಕೆಮ್ಮುತ್ತ ಇಳಿದಳು. ಕಂಕುಳಲ್ಲಿ ಹಿಟ್ಟಿನ ಗಡಿಗೆ ಹಿಡಿದು, ಯಾರನ್ನೂ ಲೆಕ್ಕಿಸದೆ ನೆಟ್ಟಗೆ ಗಿರಿಯಮ್ಮನ ಕಟ್ಟೆಗೆ ಬಂದಳು.

"ಸತ್ತಾಕಿ ನೀನ ಹೌದಲ್ಲೇನವ್ವಾ? ಕಾಲುವಿ ನಮ್ಮೂರ ಮ್ಯಾಲ ಬಂತು. ಒಂದು ಖಾಲಿ ಊರು ಸಿಕ್ಕೈತಿ, ಹೊಗಿ ಕಾರಲಾರದ ಒಲಿ ಇರೋ ಮನಿ ನಿನಗ ಹಿಡದೀನಿ ಅಂದ ನನ್ನ ಮಗ. ನೀ ಎಲ್ಲೂ ಹೋಗಬ್ಯಾಡ ಬಿಡು, ನನಗೂ ಜೋಡಿ ಆಗತೈತಿ."