ಶಿರಹಟ್ಟಿಯ ಪಿನ್ ಕೋಡ್

"ಊರು ಶಿರಹಟ್ಟಿ ಅಂತ ಬರದೀರಿ, ಪಿನ್ ಕೋಡ್ ಮುಂಡರಗಿದು ಹಾಕೀರಿ. ಯಾವುದು ಖರೆ ಐತ್ರಿ?" ಎಂದು ಮಹೆಕ ಫೋನಿನಲ್ಲಿ ಕೇಳಿದಳು.

ಗದಗ-ಬೆಟಗೇರಿಯ ಬಾಡಿಗೆ ಮನೆಯಲ್ಲಿ ಕೂತು ಅವಳು ಕೂಸುಗಳ ಕುಂಚಿಗೆ, ಪುಟ್ಟ ಕೌದಿ ಹೊಲಿದು, ಫೋಟೋ ಹಾಕಿ ಆನ್‌ಲೈನಿನಲ್ಲಿ ಮಾರುತ್ತಿದ್ದಳು. ತಪ್ಪು ವಿಳಾಸದ ಎರಡು ಪಾರ್ಸಲ್ ಊರೂರು ಅಲೆದು ಮುದುಡಿಕೊಂಡು ವಾಪಸು ಬಂದ ಮೇಲೆ, ಕೊಂಡವರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳದೆ ಯಾವುದನ್ನೂ ಕಳಿಸುತ್ತಿರಲಿಲ್ಲ.

ಆ ಕಡೆಯ ಅಮೀರಾ ಎಂಬ ಹುಡುಗಿ ನಕ್ಕಳು. "ಮುಂಡರಗಿ ನನ್ನ ತವರಮನಿರೀ. ಬರಿಯಾಕ ಕುಂತ್ರ ಕೈಗೆ ಅದ ಬರ್ತೈತಿ. ನಾವಿರೂದು ಶಿರಹಟ್ಟ್ಯಾಗ, ಪಿನ್ ನೀವ ನೋಡಿ ಸರಿ ಮಾಡ್ಕೋರಿ ಅಕ್ಕಾರ. ಪಂಪಸೆಟ್ ರಿಪೇರಿ ಮುಸ್ತಾಕರ ಮನಿ ಅಂದ್ರ ಯಾರರ ತೋರಸ್ತಾರ."

ಮಹೆಕಳ ಪೆನ್ನು ನಿಂತಿತು. ಆ ಮನೆಯಲ್ಲಿ ಅವಳು ಐದು ವರ್ಷ ಬಾಳಿದ್ದಳು. ಹೊಲಿಗೆಯ ಮಾತೆತ್ತಿದಾಗಲೆಲ್ಲ ಮುಸ್ತಾಕ, "ಮಂದಿ ಅರಬಿ ಹೊಲ್ಯಾಕಿ ಗಂಡ ಅನಿಸ್ಕೋಬೇಕೇನು ನಾನು?" ಎಂದು ಹಲ್ಲು ಕಡಿಯುತ್ತಿದ್ದ. ಕೊನೆಗೊಂದು ದಿನ ಅವಳು ತವರಿನಿಂದ ತಂದ ಮಷೀನನ್ನು ಅಂಗಳಕ್ಕೆ ಎತ್ತಿ ಒಗೆದ. ಅದರ ಹಿಂದೆಯೇ ಅವಳೂ ಹೊರಬಿದ್ದಳು. ತಲಾಖ್ ಆಗಿ ಮೂರು ವರ್ಷವಾಗಿತ್ತು. ಅವನು ಮತ್ತೆ ಮದುವೆಯಾದದ್ದು ಕಿವಿಗೆ ಬಿದ್ದಿತ್ತು. ಹೆಂಡತಿಯ ಹೆಸರು ಮಾತ್ರ ಅವಳು ಯಾರನ್ನೂ ಕೇಳಿರಲಿಲ್ಲ.

ಅಷ್ಟಕ್ಕೇ ಫೋನ್ ಇಡಬಹುದಿತ್ತು. ಮನಸ್ಸು ಬಿಡಲಿಲ್ಲ. "ಪಾರ್ಸಲ್ ಬಂದಾಗ ಮನ್ಯಾಗ ಯಾರರ ಇರ್ತೀರೇನ್ರಿ?" ಎಂದಳು.

"ನಾ ಇದ್ದ ಇರ್ತೀನ್ರಿ, ಹೊಲಿಗಿ ಮಷೀನ್ ಮುಂದ. ಆದ್ರ ನಿಮ್ಮಂಗ ಕೌದಿ ಅಂಚು ಕುಂಡ್ರಸಾಕ ನನಗ ಬರೂದಿಲ್ಲ."

"ಮಷೀನ್ ತವರಮನಿದೇನ್ರಿ?"

"ಇಲ್ರಿ, ಇವರ ಕೊಡಿಸ್ಯಾರ. ನಾ ಕೇಳಿರಲೂ ಇಲ್ಲ. ಮೊದಲೊಮ್ಮೆ ತಪ್ಪ ಮಾಡೀನಿ, ಮತ್ತ ಮಾಡೂದಿಲ್ಲ ಅಂದ್ರು. ಈಗ ಕೂಸು ಅತ್ರ ನನ್ನ ಎಬ್ಬಸೂದಿಲ್ರಿ, ತಾವ ಎತ್ಕೋತಾರ." ಹುಡುಗಿ ದನಿ ತಗ್ಗಿಸಿದಳು. "ಐತವಾರ ಕೂಸಿಗೆ ಹೆಸರಿಡೂದೈತಿ. ಸ್ವಲ್ಪ ಜಲ್ದಿ ಕಳಸ್ರಿ."

ಮಹೆಕಳಿಗೆ ಕೂಸಿನ ಸುದ್ದಿ ಚುಚ್ಚಲಿಲ್ಲ. ಆ ಮಷೀನು ಚುಚ್ಚಿತು. ಐದು ವರ್ಷ ಅತ್ತು ಕರೆದರೂ ಬಾರದ ಬುದ್ಧಿ, ಅವಳು ಬಿಟ್ಟು ಬಂದ ಮೇಲೆ ಅವನಿಗೆ ಬಂದಿತ್ತು. ಉತ್ತು ಬಿತ್ತಿದವಳು ತಾನು. ಇವಳು ಸುಮ್ಮನೆ ಬಂದು ರಾಶಿಯ ಮೇಲೆ ಕೂತಿದ್ದಳು.

"ಇವತ್ತ ಕಳಸ್ತೀನಿ," ಎಂದಳು. ಕಳಿಸಿದಳು ಕೂಡ. ಹೆಸರು, ಓಣಿ, ಊರು ಎಲ್ಲವನ್ನೂ ದುಂಡಗೆ ಬರೆದಳು. ಪಿನ್ ಕೋಡ್ ಮಾತ್ರ ಮುಂಡರಗಿಯದೇ ಇಟ್ಟಳು. ಅಮೀರಾಳ ಫೋನ್ ನಂಬರು ಬರೆಯಲಿಲ್ಲ.

ಹೆಸರಿಡುವ ಭಾನುವಾರ ಕಳೆದು ವಾರದ ಮೇಲೆ ಪಾರ್ಸಲ್ ವಾಪಸು ಬಂತು. ಮರುದಿನವೇ ಅಮೀರಾಳ ಫೋನು. ಮಹೆಕ ಬೈಗುಳಕ್ಕೆ ಸಿದ್ಧಳಾಗಿಯೇ ಎತ್ತಿದಳು.

"ನಂದ ತಪ್ಪ ಬಿಡ್ರಿ ಅಕ್ಕಾರ," ಎಂದಳು ಹುಡುಗಿ. "ಪಾರ್ಸಲ್ ಮುಂಡರಗಿಗೆ ಹೋಗಿ ತಿರುಗಿ ಬಂದದ್ದು ಫೋನಿನಾಗ ನೋಡಿದೆ. ತಪ್ಪ ಪಿನ್ ಕೊಟ್ಟು ನಿಮಗೂ ತ್ರಾಸ ಮಾಡಿದೆ. ಅವತ್ತ ಕೌದಿ ಬದಲಿ ನನ್ನ ಓಡ್ನಿ ಹೊಚ್ಚಿ ಕೂಸಿನ್ನ ತೊಟ್ಟಿಲಾಗ ಹಾಕಿದ್ವಿ, ಎಲ್ಲಾ ಚಂದ ಆತು. ನಾಳೆ ಇವರು ಸಾಮಾನ ತರಾಕ ಗದಗಕ್ಕ ಬರ್ತಾರ, ತಾವ ಬಂದು ಒಯ್ತಾರಂತ. ನಿಮ್ಮ ವಿಳಾಸ ಹೇಳ್ರಿ, ಬರ್ಕೋತೀನಿ."

ಬೇಡ, ನಾನೇ ಇನ್ನೊಮ್ಮೆ ಕಳಿಸುತ್ತೇನೆ ಎನ್ನಬಹುದಿತ್ತು. ಮಹೆಕ ಎನ್ನಲಿಲ್ಲ. ತನ್ನ ಮನೆಯಲ್ಲೂ ಮಷೀನು ಓಡುವುದನ್ನು ಅವನು ಒಮ್ಮೆ ಕಣ್ಣಾರೆ ನೋಡಲಿ ಎನ್ನಿಸಿತು. "ಉಡಚಪ್ಪನ ಗಿರಣಿ ಹಿಂದ, ಮೂರನೇ ಮನಿ," ಎಂದು ತಡೆತಡೆದು ಹೇಳಿದಳು.

ಮರುದಿನ ಮುಂಜಾನೆಯಿಂದ ಬಾಗಿಲಿಗೆ ಎದುರಾಗಿ ಮಷೀನು ತುಳಿಯುತ್ತ ಕೂತಳು. ಆದರೆ ಬೈಕು ಬಂದು ನಿಂತ ಸದ್ದಿಗೆ ಅವಳ ಕಾಲುಗಳು ತಾವಾಗಿ ಎದ್ದು ಒಳಕೋಣೆಗೆ ನಡೆದವು. ಜೊತೆಗಿದ್ದ ತಾಯಿ ಗುಲಾಬಬಿ ಹೊರಗೆ ಹೋದಳು.

ಹೊಸ್ತಿಲಲ್ಲಿ ಹಳೆಯ ಅತ್ತೆಯನ್ನು ಕಂಡು ಮುಸ್ತಾಕ ನಿಂತಲ್ಲೇ ನಿಂತ. ಆಮೇಲೆ ತಲೆ ತಗ್ಗಿಸಿ ಸಲಾಂ ಹೇಳಿದ. ಗುಲಾಬಬಿ ಪಾರ್ಸಲ್ ಅವನ ಕೈಗಿಟ್ಟಳು. ಅವನು ಮೇಲಿನ ಅಕ್ಷರ ನೋಡಿದ. ಅಂಕಿಗಳ ಮೇಲೆ ಅವನ ಹೆಬ್ಬೆರಳು ಹಾಗೇ ನಿಂತಿತು.

"ಶಿರಹಟ್ಟಿ ಪಿನ್ ಮಹೆಕಗ ಬಾಯಿಪಾಠ ಇತ್ತು," ಎಂದ ಸಣ್ಣಗೆ.

"ಇನ್ನೂ ಎಷ್ಟ ದಿವಸ ನೆನಪ ಇಟ್ಕೋಬೇಕಪಾ?" ಎಂದಳು ಗುಲಾಬಬಿ.

ಮುಸ್ತಾಕ ವಿಳಾಸದ ಚೀಟಿಯನ್ನು ಉಗುರಿನಿಂದ ಮೆಲ್ಲಗೆ, ಒಂಚೂರೂ ಹರಿಯದಂತೆ ಬಿಡಿಸಿ ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡ. "ಅಮೀರಾ ಈ ಹೊಲಿಗಿ ಭಾಳ ಹೊಗಳ್ತಾಳ," ಎಂದು ಒಳಕೋಣೆಯ ಪರದೆಯ ಕಡೆ ತಿರುಗಿ ಹೇಳಿದ. "ಆಕಿಗೆ ಅಷ್ಟ ಗೊತ್ತಿರ್ಲಿ, ಉಳಿದದ್ದು ಬ್ಯಾಡ."

ಒಂದಾದರೂ ಬೈಗುಳ ಬೈಯಲಿ ಎಂದು ಮಹೆಕ ಪರದೆಯ ಹಿಂದೆ ಕಾದಳು. ಬೈಕಿನ ಸದ್ದು ಓಣಿ ದಾಟಿ ಹೋದ ಮೇಲೂ ಕಾಯುತ್ತಲೇ ನಿಂತಿದ್ದಳು.