ಹದಿನಾಲ್ಕನೇ ಪ್ರಶ್ನೆ

ಕೊಕ್ಕನೂರಿನ ಕೊಟ್ರಮ್ಮ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮೇಲೊಂದು ಚೂರು ತಂಬಾಕು ಮುರಿದು ಹಾಕಿದಾಗ ಡಾಕ್ಟರ್ ವಾಣಿಶ್ರೀಯ ಪೆನ್ನು ನಿಂತಿತು. ‘ತಂಬಾಕಿನ ಚಟ ಇದೆಯೇ?’ ಎಂಬ ಹದಿನಾಲ್ಕನೇ ಪ್ರಶ್ನೆಯ ಮುಂದೆ ಅವಳು ಆಗಷ್ಟೇ ‘ಇಲ್ಲ’ ಎಂದು ಬರೆದುಕೊಂಡಿದ್ದಳು.

“ಈಗ ತಾನೆ ಇಲ್ಲ ಅಂದ್ರಲ್ಲಮ್ಮ. ಮತ್ತೆ ಇದೇನು?”

“ನೀವು ಚಟ ಐತೇನು ಅಂತ ಕೇಳಿದ್ರಿ. ಚಟ ಅಂದ್ರೆ ಗಂಡಸ್ರದು. ಇದು ಉಂಡ ಮ್ಯಾಲೆ ಹಾಕ್ಕಳದು.” ಕೊಟ್ರಮ್ಮ ಎಲೆ ಮಡಚಿ ದವಡೆಗೆ ಒತ್ತಿಕೊಂಡರು.

ವಾಣಿಶ್ರೀಗೆ ತಲೆ ಚಚ್ಚಿಕೊಳ್ಳುವಂತಾಯಿತು. ಆ ಪ್ರಶ್ನೆಯನ್ನು ಬರೆದವಳು ಅವಳೇ. ಕ್ಯಾನ್ಸರ್ ಯಾರಿಗೆ, ಏಕೆ ಬರುತ್ತದೆಂದು ಹುಡುಕುತ್ತ ಆರು ವರ್ಷ ದಾವಣಗೆರೆ, ಹರಿಹರದ ಹಳ್ಳಿಗಳನ್ನು ಅಲೆದು ನಾಲ್ಕು ಸಾವಿರ ಹೆಂಗಸರನ್ನು ಕೇಳಿದ್ದಳು. ಚಟವಿಲ್ಲದವರಿಗೂ ಬಾಯಿ ಕ್ಯಾನ್ಸರ್ ಬರುವುದೇಕೆಂದು ಕುಡಿಯುವ ನೀರನ್ನು, ಗದ್ದೆಗೆ ಹೊಡೆಯುವ ಔಷಧಿಯನ್ನು, ಒಲೆಯ ಹೊಗೆಯನ್ನು ಜಾಲಾಡಿದ್ದಳು. ಎದುರಿಗೇ ಇರುತ್ತಿದ್ದ ಎಲೆಅಡಿಕೆ ಚೀಲವನ್ನು ಬಿಟ್ಟು.

“ಊರಲ್ಲಿ ಇನ್ನೂ ಎಷ್ಟು ಜನ ಹಿಂಗೆ ಹಾಕ್ಕೊಳ್ತಾರೆ?” ಅವಳ ದನಿ ಗಡುಸಾಗಿತ್ತು.

ಕೊಟ್ರಮ್ಮ ಚೀಲವನ್ನು ಅವಳತ್ತ ಸರಿಸಿದರು.

“ಎಲ್ರೂ ಹಾಕ್ಕಂತಾರೆ, ನೀವೂ ಒಂದು ಹಾಕ್ಕಳ್ರಿ. ಚಟ ಮಾತ್ರ ನಮ್ಮೂರಾಗ ಒಬ್ಬ ಹೆಣ್ಮಗಳಿಗೂ ಇಲ್ಲ.”